ಷರಾ

ಸಾಫಿ ಬಂದರಿನ ಮೀನು ಕಾರ್ಖಾನೆ, ರಾತ್ರಿ ಎರಡು ಗಂಟೆ.
ನಾಲ್ಕನೇ ರಿಟಾರ್ಟಿನ ಹೊಟ್ಟೆಯಲ್ಲಿ
ಸಾವಿರದ ಇನ್ನೂರು ಡಬ್ಬಿ;
ಟೊಮೆಟೊ ರಸದಲ್ಲಿ ತಲೆಯಿಲ್ಲದ ಬೂತಾಯಿಗಳು
ಒಂದಕ್ಕೊಂದು ಬೆನ್ನು ಕೊಟ್ಟು ಮಲಗಿವೆ.

ಬೇಕಾದದ್ದು ನೂರಾ ಹದಿನಾರು ಡಿಗ್ರಿ, ಒಂದು ಗಂಟೆ.
ಮೂವತ್ತೊಂದನೇ ನಿಮಿಷಕ್ಕೆ ಬಾಯ್ಲರ್ ಒಮ್ಮೆ ಬಿಕ್ಕಿತು.
ಪಾದರಸ ಇಳಿಯಿತು: ಹದಿನೈದು, ಹದಿನಾಲ್ಕು, ಹದಿಮೂರು.
ಹೊಸ್ತಿಲಲ್ಲಿ ಚಪ್ಪಲಿ ಹುಡುಕುವವರ ಹಾಗೆ
ಅಲ್ಲೇ ತಡಕಾಡಿತು, ಆರು ನಿಮಿಷ.
ಆಮೇಲೆ ಏರಿತು,
ಏನೂ ಆಗದವರ ಹಾಗೆ.

ಗೋಡೆಯ ದುಂಡು ಕಾಗದದ ಮೇಲೆ ಸುತ್ತುವ ಮುಳ್ಳು
ಹದಿನೈದರ ಕೆಳಗೆ ತಾನು ಹೋಗೇ ಇಲ್ಲ ಅನ್ನುತ್ತದೆ.
ಜಗಳ ಬಂದರೆ ಪಾದರಸದ ಮಾತೇ ಮಾತು.
ಯಾಮ್ನಾಗೆ ಗೊತ್ತು. ಮೇಸ್ತ್ರಿ ಬೂಶ್ತಾಗೂ ಗೊತ್ತು.

ಬಾಗಿಲಿಗೊರಗಿ ಅವನೆನ್ನುತ್ತಾನೆ:
'ಲಾರಿ ಏಳಕ್ಕೆ ಬರುತ್ತೆ. ಮೂರು ಡಿಗ್ರಿ, ಏನು ಮಹಾ?
ಮಕ್ಕಳ ಜ್ವರ ಕೂಡ ಅಷ್ಟು ಏರಿಳಿಯುತ್ತೆ.'

ಹೌದು, ಅಷ್ಟೇ ಏರಿತ್ತು.
ಹೋದ ಚಳಿಗಾಲ, ಮಗಳ ಹಾಸಿಗೆಯ ಪಕ್ಕ ಕೂತು
ಗಂಟೆಗೊಮ್ಮೆ ಕ್ಯಾಲೆಂಡರಿನ ಬೆನ್ನಿಗೆ ಬರೆದಿಟ್ಟಿದ್ದಳು.
ಆ ಹಾಳೆ ಇನ್ನೂ ಹರಿದಿಲ್ಲ.

ಅನ್ನವಾದರೆ ಒಂದಗುಳು ಹಿಚುಕಿದರೆ ಸಾಕು.
ಮುಚ್ಚಿದ ಡಬ್ಬಿಯನ್ನು ಯಾವ ಬೆರಳು ಹಿಚುಕೀತು?
ಒಳಗೆ ಏನಾದರೂ ಬದುಕಿದ್ದರೆ
ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ,
ಏಳು ಗಂಟೆಯ ಅವಸರವಂತೂ ಇಲ್ಲವೇ ಇಲ್ಲ.

ಫಾರಂ ಫ್ರೆಂಚಿನದು. ಕಡೆಯ ಕಾಲಂ, ಷರಾ,
ಎರಡು ಬೆರಳಗಲ.
ಪೆನ್ಸಿಲ್ ಕೂಡದು, ಅಳಿಸುವುದು ಕೂಡದು.
ಅವಳು 115 ಎಂದು ಬರೆದಳು.
ಕೈತಪ್ಪಿ ಇರಬೇಕು.
ಅದರ ಮೇಲೆ ಒಂದೇ ಗೆರೆ, ಹೊಡೆದದ್ದೂ ಓದಲು ಬರುವಂತೆ.
ಪಕ್ಕದಲ್ಲಿ 113. ಸಹಿ. ಎರಡೂ ನಲವತ್ತೊಂದು.

ಬೂಶ್ತಾ ಹಾಳೆಯನ್ನು ದೀಪಕ್ಕೆ ಹಿಡಿದ.
'ಈ ಮೂರು ಎಂಟರ ಹಾಗೆ ಕಾಣುತ್ತೆ' ಎಂದ, ಮೆಲ್ಲಗೆ,
'ಹಾಗೇ ಇರಲಿ ಬಿಡು.'

ಯಾಮ್ನಾ ಹಾಳೆ ವಾಪಸು ತೆಗೆದುಕೊಂಡು
ಕೆಳಗೆ ಅಕ್ಷರದಲ್ಲಿ ಬರೆದಳು: ನೂರಾ ಹದಿಮೂರು.
ಆರು ನಿಮಿಷ. ಬಾಯ್ಲರಿನ ಒತ್ತಡ ಕುಸಿದದ್ದು.
ಡಬ್ಬಿಗಳೆಲ್ಲ ಬೇರೆ ಇಡತಕ್ಕದ್ದು.
ಎರಡು ಬೆರಳಗಲ ಸಾಲದೆ
ಮಾತು ಗೆರೆ ದಾಟಿ
ಮೇಲಧಿಕಾರಿಯ ಸಹಿಗೆಂದು ಬಿಟ್ಟ ಖಾಲಿ ಜಾಗಕ್ಕೆ ನುಗ್ಗಿತು.

ಹೊರಗೆ ಕಡಲಹಕ್ಕಿಗಳು ಆಗಲೇ ಎದ್ದಿದ್ದವು.
ಬೂಶ್ತಾ ಕೆಂಪು ದಾರದ ಉಂಡೆ ಹುಡುಕುತ್ತಾ
ಮೂರು ಡ್ರಾಯರು ಎಳೆದ, ಒಂದನ್ನೂ ಮುಚ್ಚಲಿಲ್ಲ.