ಖಲಾಸ್

ದಮ್ಮಾಮಿನಿಂದ ಹಫೂಫಿಗೆ ಬೆಳಗಿನ ರೈಲು.
ಬೋಗಿಯೊಳಗೆ ಎಂಥ ಚಳಿಯೆಂದರೆ
ಮೋನಾಕ ತಲೆಗೆ ಸುತ್ತಿದ ಟವೆಲು ಬಿಚ್ಚಿ
ಮೊಣಕಾಲಿಗೆ ಹೊದ್ದುಕೊಂಡ.
ಹೊರಗೆ ಆಗಸ್ಟಿನ ಶುಕ್ರವಾರ
ಏಳು ಗಂಟೆಗೇ ಹಂಚು ಕಾಯಿಸಿಟ್ಟಿತ್ತು.

ನಮ್ಮನ್ನು ಹೊರಡಿಸಿದವನು ಬೊನಿಫಾಸ್.
ಹದಿನಾಲ್ಕು ವರ್ಷ ಹಡಗಿನಲ್ಲಿ ವೈನು ಸುರಿದು
ಈಗ ನಮ್ಮ ಕ್ಯಾಂಪಿನ ಮೆಸ್ಸಿನಲ್ಲಿ
ಮುನ್ನೂರು ಜನಕ್ಕೆ ಬೇಳೆ ಬೇಯಿಸುವವನು.
"ವೈನಿಲ್ಲದಿದ್ದರೆ ಖರ್ಜೂರ ಉಂಟಲ್ಲ ಮಾರಾಯ,
ಹಣ್ಣು ಯಾವುದಾದರೇನು,
ರುಚಿ ನೋಡುವುದಕ್ಕೆ ಒಂದು ಕ್ರಮ ಉಂಟು."
ಇಸ್ತ್ರಿ ಹಾಕಿದ ಬಿಳಿ ಅಂಗಿ,
ಕಿಸೆಯಲ್ಲಿ ಮೂಲೆ ಕಾಣುವ ಹಾಗೆ ಕರವಸ್ತ್ರ.

ನಾನು ಇಳಕಲ್ಲಿನವನು, ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವವನು.
ರುಚಿಗೂ ಕ್ರಮವಿದೆಯೆಂದು ಕೇಳಿದ್ದೇ ಅವತ್ತು.
ನಮ್ಮಲ್ಲಿ ಖಾರ ಇರುತ್ತದೆ,
ಇಲ್ಲ, ಖಾರ ಕಡಿಮೆಯಾಗಿರುತ್ತದೆ.

ಬುಕೈಕ್‌ನಲ್ಲಿ ರೈಲು ನಿಂತಾಗ
ದೂರದ ಕೊಳವೆಯ ತುದಿಯಲ್ಲಿ ಬೆಂಕಿ,
ಹಾಡುಹಗಲಲ್ಲೇ.
ಎದುರು ಸೀಟಿನ ಮಗು ಕಿಟಕಿಗೆ ಬಾಯಿ ಹಚ್ಚಿ
ಉಫ್ ಉಫ್ ಎಂದು ಊದಿತು.
ಗಾಜು ಮಂಜಾಯಿತು. ಬೆಂಕಿ ಕಾಣದಾಯಿತು.
ಗೆದ್ದೆನೆಂದು ಅದು ಅಮ್ಮನ ಕಡೆ ತಿರುಗಿತು.

ಹಫೂಫಿನಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು.
ಶುಕ್ರವಾರ, ಮಧ್ಯಾಹ್ನ ಕಳೆಯುವವರೆಗೆ ಹೀಗೇ.
ಮೋನಾಕನಿಗೆ ಗೊತ್ತಿತ್ತು, ಹೇಳಿರಲಿಲ್ಲ.
ಅವನು ಮಸೀದಿಗೆ ಹೋದ.
ನಾವಿಬ್ಬರು, ಒಂದು ಬೆಕ್ಕು,
ಶಟರಿನ ಅಂಗೈಯಗಲ ನೆರಳು.
ನೀರಿನ ಬಾಟಲಿಯ ಮುಚ್ಚಳವನ್ನೇ ಲೋಟ ಮಾಡಿ
ಬೊನಿಫಾಸ್ ಕಲಿಸಿದ:
ಹೀಗೆ ಹಿಡಿ, ಹೀಗೆ ತಿರುಗಿಸು, ಅವಸರ ಬೇಡ.

ಅಸರ್ ನಮಾಜಿನ ನಂತರ ಶಟರುಗಳು ಕಿರುಗುಟ್ಟಿ ಎದ್ದವು.
ಮುದುಕ ಅಂಗಡಿಕಾರ ಚಾಪೆ ಹಾಸಿದ,
ಏಲಕ್ಕಿ ಕಾಫಿ ಬಗ್ಗಿಸಿದ, ತಟ್ಟೆ ಇಟ್ಟ.
"ಮೊದಲು ನೀವು," ಎಂದ ಬೊನಿಫಾಸ್,
ಬಗ್ಗಿ, ಎಡಗೈ ಬೆನ್ನ ಹಿಂದೆ.
ಆಮೇಲೆ ತಾನೊಂದು ಎತ್ತಿಕೊಂಡ,
ಬೆಳಕಿಗೆ ಹಿಡಿದ, ಮೂಸಿದ, ಚೂರೇ ಕಚ್ಚಿದ.
"ಹುರಿದ ನೆಲಗಡಲೆ. ಸಿಪ್ಪೆ ಸಮೇತ."
ಅಂದರೆ ಶೇಂಗಾ. ಹೌದಲ್ಲ! ಇತ್ತು!
ಶೇಷಿಯಲ್ಲಿ ಜೋನಿಬೆಲ್ಲ ಕಂಡ,
ರುಝೇಝಿನಲ್ಲಿ ಹೊಸ ಚಪ್ಪಲಿಯ ಚರ್ಮ.
ಮೋನಾಕ ಮೂರು ಮೂರು ಬಾಯಿಗೆಸೆದು
"ಸಿಹಿ ಉಂಟು, ಮತ್ತೆಂಥ?" ಎಂದ.

"ಖಲಾಸ್," ಎಂದ ಮುದುಕ.
ನಾನು ಏಳಹೊರಟೆ.
ನೀರು ಖಲಾಸ್, ವೀಸಾ ಖಲಾಸ್, ಕೆಲಸ ಖಲಾಸ್:
ಕ್ಯಾಂಪಿನಲ್ಲಿ ಆ ಮಾತಿಗೆ ಎದ್ದೇ ಅಭ್ಯಾಸ.
ಮುದುಕ ಕೈಹಿಡಿದು ಕೂರಿಸಿದ.
ಹಣ್ಣಿನ ಹೆಸರಂತೆ ಅದು. ಎಲ್ಲಕ್ಕಿಂತ ಮೇಲಿನದಂತೆ.

ಅಂಗಡಿಯ ಹುಡುಗ ಬುಟ್ಟಿ ತಪ್ಪಿದ.
ಆಡಿಗೆಂದು ಮೂಲೆಗಿಟ್ಟದ್ದರಿಂದ ತಂದ.
ಬಾಯಿಗಿಟ್ಟೆ, ಥೂ,
ಕೊಳೆತು ನೊರೆಯೆದ್ದ ಹುಳಿ, ಮೂಗಿಗೇ ಹತ್ತುವ ಹೆಂಡದ ನಾತ.
ಮೋನಾಕನೂ ಉಗಿದ.
ಬೊನಿಫಾಸ್ ಮಾತ್ರ ಕಣ್ಣು ಮುಚ್ಚಿ ಅಗಿಯುತ್ತಿದ್ದ.
"ಆಹಾ," ಎಂದ. "ಜೇನು."

ಮುದುಕ ತಟ್ಟೆ ಎಳೆದುಕೊಂಡ.
ಯಾರೂ ಏನೂ ಅನ್ನಲಿಲ್ಲ.

ವಾಪಸು ರೈಲಿನಲ್ಲಿ, ಕತ್ತಲಾದ ಮೇಲೆ, ಅವನೇ ಹೇಳಿದ.
"ಮೂರು ವರ್ಷ ಆಯಿತು. ಆ ಜ್ವರ ಹೋಗುವಾಗ
ಮೂಗನ್ನೂ ಕೊಂಡುಹೋಯಿತು.
ಹಡಗಿನವರು ಇಳಿಸಿದರು."
"ಹಂಗಾದ್ರ ಶೇಂಗಾ?"
"ನಿನ್ನ ಮುಖ ನೋಡಿ ಹೇಳಿದೆ.
ಅಗಿಯುವಾಗ ನಿನ್ನ ಹುಬ್ಬು ಹೋದ ರೀತಿ.
ಕೊನೆಯದಕ್ಕೆ ಕಣ್ಣು ಮುಚ್ಚಿದ್ದು ತಪ್ಪಾಯಿತು."
"ಮತ್ತ ಮೆಸ್ಸಿನ ಬ್ಯಾಳಿಗೆ ಉಪ್ಪು?"
ಮೋನಾಕ ಕಿಟಕಿಯ ಕಡೆ ನೋಡುತ್ತ ಕುಳಿತ.
ಓ.

ಮುದುಕ ತಪ್ಪಿಗೆಂದು ಕೊಟ್ಟ ಡಬ್ಬಿ ನನ್ನ ತೊಡೆಯ ಮೇಲಿತ್ತು,
ಅಸಲಿ ಖಲಾಸ್, ಒಂದು ಕಿಲೋ.
ಬಿಚ್ಚಿದೆ. ಒಂದು ಬಾಯಿಗಿಟ್ಟೆ.
ಮುಖವನ್ನು ಟ್ಯೂಬ್‌ಲೈಟಿನ ಕಡೆ ತಿರುಗಿಸಿ
ಅವಸರವಿಲ್ಲದೆ ಅಗಿದೆ.

ಅವನು ಬಹಳ ಹೊತ್ತು ನೋಡಿದ.
"ನೆಲಗಡಲೆ ಅಲ್ಲ," ಎಂದ.
"ನಿನಗೆ ಎಂಥದೋ ನೆನಪಾಗ್ತಾ ಉಂಟು.
ತಡಿ. ಇನ್ನೊಂದು ತಿನ್ನು."