ಇಂಗು

ಇಂಗು ಈ ಸಮುದ್ರದ ಆಚೆ ದಡದಿಂದ ಬರುತ್ತದೆ.
ಅಬುಧಾಬಿಯ ಬಂದರಿನಲ್ಲಿ ಇರಾನಿ ಮುದುಕ
ಮೂರು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟ;
ಆದರೂ ರುವೈಸಿನ ತನಕ ಬಸ್ಸಿನವರೆಲ್ಲ
ಮೂಗು ಹಿಡಿದು ನನ್ನನ್ನೇ ನೋಡಿದರು.

ನಮ್ಮವ್ವನ ಹತ್ತಿರ ಒಂದು ಇಂಗಿನ ಡಬ್ಬಿ ಇತ್ತು.
ಇಂಗು ಮುಗಿದ ಮೇಲೆ ಹನ್ನೊಂದು ವರ್ಷ
ಅದರಲ್ಲಿ ಗುಂಡಿ ಇಡುತ್ತಿದ್ದಳು, ಅಂಗಿಯ ಗುಂಡಿ.
ಶಾಲೆಯಲ್ಲಿ ಪಕ್ಕ ಕೂತವಳು ಕೇಳುತ್ತಿದ್ದಳು:
ಅಂಗಿಗೂ ಒಗ್ಗರಣಿ ಹಾಕ್ತಾಳೇನ ನಿಮ್ಮವ್ವ?

ಒಂದೇ ಶಬ್ದ ನೋಡಿ ನಮ್ಮಲ್ಲಿ:
ಎಣ್ಣೆಗೆ ಬೀಳುವುದೂ ಇಂಗು,
ನೀರು ನೆಲದೊಳಗೆ ಇಳಿದು ಮರೆಯಾಗುವುದೂ ಇಂಗು.
ಯಾರು ಜೋಡಿಸಿದರೋ, ತಿಳಿದವರೇ ಇರಬೇಕು.

ನನ್ನ ಕೆಲಸ, ಇಲ್ಲ ಅನ್ನುವುದನ್ನು ಅಳೆಯುವುದು.
ಗ್ಯಾಸಿನ ಜೊತೆ ಪಾದರಸ ಬರುತ್ತದೆ,
ಕಣ್ಣಿಗೆ ಕಾಣದಷ್ಟು, ಬಾವಿಯ ತಳದಿಂದ, ಯಾರೂ ಕರೆಯದೆ.
ಇಪ್ಪತ್ತು ವರ್ಷ ಕೊಳವೆಯ ಗೋಡೆ ಸವರುತ್ತ ಹೋದರೆ
ಉಕ್ಕು ಅದನ್ನು ಕುಡಿದುಬಿಡುತ್ತದೆ.
ಗಟ್ಟಿ ಅನ್ನುತ್ತೇವಲ್ಲ, ಅದೇ ಉಕ್ಕು.

ಶಟ್‌ಡೌನಿನಲ್ಲಿ ಕೊಳವೆಗಳನ್ನು ಎಳೆದು
ಮರಳಿನ ಮೇಲೆ ಸಾಲಾಗಿ ಮಲಗಿಸಿದರು.
ಹಬೆ ಕೊಟ್ಟರು. ಸೋಪು ಕೊಟ್ಟರು. ಆಸಿಡ್ಡೂ ಕೊಟ್ಟರು.
ಬೆಳಗಿನ ಐದಕ್ಕೆ ಮೀಟರು ಹಿಡಿದೆ: ಸೊನ್ನೆ.
ಸೈಫ್ ಸಹಿ ಹಾಕಿದ.
ಮಧ್ಯಾಹ್ನ ಬಿಸಿಲು ನಲವತ್ತೆಂಟಕ್ಕೆ ಏರಿತು.
ಕೊಳವೆ ಬೆವರಿತೋ ಏನೋ,
ಮತ್ತೆ ಹಿಡಿದಾಗ ಸೊನ್ನೆ ಇರಲಿಲ್ಲ.
ಸೈಫ್ ತನ್ನ ಸಹಿಯನ್ನೇ ಬಹಳ ಹೊತ್ತು ನೋಡಿದ.

ಹೊಳೆಯಲ್ಲಿ ಹುಣಸೆಹಣ್ಣು ತೊಳೆದವರನ್ನು ಕಂಡು ನಗುತ್ತಾರೆ.
ಅವರಿಗೆ ಹುಳಿಯಾದರೂ ಹೋಯಿತು.
ನಮ್ಮದು ಒರೆಸಿದ ಬಟ್ಟೆಗೆ ಹೋಯಿತು,
ಬಟ್ಟೆ ತುಂಬಿದ ಡ್ರಮ್ಮಿಗೆ, ಡ್ರಮ್ಮು ಇಟ್ಟ ನೆಲಕ್ಕೆ,
ನೆಲ ತೊಳೆದ ನೀರಿಗೆ.
ಆ ನೀರಿಗೂ ಒಂದು ಡ್ರಮ್ಮು ಬೇಕಾಯಿತು.
ಗುಜರಿಯವನು ಬಂದು, ಉಕ್ಕು ತಟ್ಟಿ ನೋಡಿ,
ನನ್ನ ಕೈಯಲ್ಲಿದ್ದ ಕಾಗದ ಓದಿ, ಖಾಲಿ ಲಾರಿ ತಿರುಗಿಸಿದ.

ಕೊಳವೆಯೊಳಗೆ ಹಬೆ ಹಿಡಿದವನು ಜೆರ್ವಾಸ್, ಕಿನ್ನಿಗೋಳಿಯವನು.
ಗ್ಲೌಸು ಎಲ್ಲಿ ಹರಿಯಿತೋ ಅವನಿಗೂ ಗೊತ್ತಿಲ್ಲ.
ಊಟದ ಹೊತ್ತಿಗೆ ನೋಡಿದರೆ
ಮದುವೆಯ ಉಂಗುರ ಬೆಳ್ಳಗೆ, ಬೆಳ್ಳಿಯಂತೆ.
ಚಿನ್ನಕ್ಕೂ ಪಾದರಸಕ್ಕೂ ಹಳೆಯ ಸಲುಗೆ,
ಎದುರು ಬಂದರೆ ಒಂದರೊಳಗೊಂದು ಹೊಕ್ಕುಬಿಡುತ್ತವೆ.

"ಎಂತ ಮಾರಾಯ್ತಿ, ಇದು ಹೋಗುದಿಲ್ವಾ?"

ನಿಯಮ ಮೀರಿ ರಾತ್ರಿಪಾಳಿಯಲ್ಲಿ ಕಾಯಿಸಿದೆ,
ಗಾಜಿನ ಕಪಾಟಿನೊಳಗೆ, ಫ್ಯಾನು ಜೋರು ಹಾಕಿ.
ಹಳದಿ ಮರಳಿತು,
ಆದರೆ ಮೈ ನೆಲಗಡಲೆ ಸಿಪ್ಪೆಯ ಹಾಗೆ ಒರಟು.
ಒಳಗೆ ಕೆತ್ತಿದ್ದ ಸೆವರಿನ್ ಎಂಬ ಹೆಸರಿನಲ್ಲಿ
ಎರಡಕ್ಷರ ಮಾತ್ರ ಓದಲು ಬಂತು.
ಮೀಟರಿನ ಮುಳ್ಳು ಇನ್ನೂ ಅಲುಗುತ್ತಿತ್ತು.
ಇದನ್ನು ಮನೆಗೆ ಒಯ್ಯಬೇಡ ಅಂದೆ,
ಮಗು ಬಾಯಿಗೆ ಇಟ್ಟುಕೊಂಡೀತು.
ಅವನು ಗಾಜಿನ ಬಾಟಲಿಗೆ ತಾನೇ ಹಾಕಿ
ಮುಚ್ಚಳ ತಿರುಗಿಸಿದ, ಬೇಕಾದ್ದಕ್ಕಿಂತ ಬಿಗಿಯಾಗಿ.

ಕೆಂಪು ಟೇಪು ಸುತ್ತಿದ ಪಾತ್ರೆಗಳ ಸಾಲಿನಲ್ಲಿ ಈಗ ಅದೂ ಇದೆ,
"ಬೇರೆ ಯಾವುದಕ್ಕೂ ಬಳಸಬೇಡಿ" ಎಂದು ನಾನೇ ಬರೆದ ಚೀಟಿಯ ಕೆಳಗೆ.
ಅವನ ಬೆರಳಲ್ಲಿ ಬಿಸಿಲು ಕಾಣದ ಒಂದು ಬಿಳಿ ಬಳೆ.
ಶುಕ್ರವಾರದ ವಿಡಿಯೋ ಕಾಲಿನಲ್ಲಿ
ಆ ಕೈ ಜೇಬಿನಲ್ಲಿರುತ್ತದೆ.

ನಿನ್ನೆ ಶುದ್ಧ ನೀರನ್ನೇ ಯಂತ್ರಕ್ಕೆ ಕೊಟ್ಟೆ,
ಏನೂ ಇಲ್ಲದ ಮಾದರಿ, ಲೆಕ್ಕ ಶುರುವಾಗುವುದೇ ಅಲ್ಲಿಂದ.
ಸೊನ್ನೆ ಬರಲಿಲ್ಲ.
ಹೊಸ ಗಾಜು, ಹೊಸ ನೀರು, ಹೊಸ ನಳಿಕೆ.
ಬರಲಿಲ್ಲ.
ಕೊನೆಗೆ ಬಂದಷ್ಟನ್ನೇ ಸೊನ್ನೆ ಎಂದು ಇಟ್ಟುಕೊಂಡು
ಉಳಿದದ್ದು ಎಣಿಸಿದೆ. ಎಲ್ಲರೂ ಹಾಗೇ ಮಾಡುತ್ತಾರಂತೆ.

ಪ್ರತಿ ಗುರುವಾರ ಜೆರ್ವಾಸ್ ಬಾಗಿಲಲ್ಲಿ ನಿಲ್ಲುತ್ತಾನೆ.
"ಸೊನ್ನೆ ಬಂತಾ?"
ಮುಚ್ಚಳ ತೆಗೆದು ಮೀಟರು ಹಿಡಿಯುತ್ತೇನೆ.
ಅವನು ಮುಳ್ಳು ನೋಡುವುದಿಲ್ಲ, ನನ್ನ ಮುಖ ನೋಡುತ್ತಾನೆ.
ಆಮೇಲೆ ಮೂಗು ಅರಳಿಸಿ,
ಸಾರು ಮಾಡಿದ್ದೀಯಾ ಇವತ್ತು, ಅನ್ನುತ್ತಾನೆ.
ಮೂರು ಸಲ ಕೈ ತೊಳೆದಿದ್ದೆ.