ಮೂರಡಿ

ಟ್ರೂನ್‌ನ ಕಡಲಲ್ಲಿ ಸೊಂಟದ ತನಕ ನಿಂತಿದ್ದೇನೆ.
ಹನ್ನೊಂದು ನಿಮಿಷ, ಅಂದಿದ್ದಾಳೆ ಇಶ್ಬೆಲ್
ದಡದ ಮೇಲೆ, ತಾನು ಮಾತ್ರ ಕೋಟು ತೊಟ್ಟು.

ಬೆನ್ನು ಈಗೀಗ ಮಾತು ಕೇಳುತ್ತದೆ.
ಕೇಳದ್ದು ಕೈ.
ಮೊನ್ನೆ ಹದಿನೇಳು ಕುಳಿ ದಾಟಿಸಿದ ಕೈ
ಕೊನೆಯದಕ್ಕೆ ಮೂರೇ ಮೂರಡಿ ಇರುವಾಗ ನಡುಗಿತು;
ಚೆಂಡು ಅಂಚು ಸವರಿ
ಕದ ತಟ್ಟಿ ಓಡುವ ಪೋರನ ಹಾಗೆ ಆಚೆ ಹೋಯಿತು.
ಆಮೇಲೆ ರಾತ್ರಿಯೆಲ್ಲ ಹೊದಿಕೆಯೊಳಗೆ ಅದೇ ಹೊಡೆತ.

“ಈ ವಾರ ಗಾಲ್ಫ್ ಕ್ಲಬ್ಬು ಮುಟ್ಟಬೇಡ. ಬರೀ ನಡಿ.
ಕುಳಿ ಕಂಡರೆ ಬಗ್ಗಿ ನೋಡು,
ಏನಿದೆ ಹೇಳು.”
ನೋಡಿದೆ. ಮಳೆನೀರು, ಒಂದು ಜೇಡ.
ಇಷ್ಟಕ್ಕಾ, ಎಂದೆ.

ಏಳನೇ ನಿಮಿಷ. ಕಾಲು ಯಾರದೋ.
ಸೀಲ್ ಒಂದು ತಲೆಯೆತ್ತಿ ನೋಡಿ ಮುಳುಗಿತು.
ನೀರಿನೊಳಗೆ ಅಂಗೈ ಬಿಚ್ಚಿಕೊಂಡಿದೆ
ನಾನು ಹೇಳದೆಯೇ.
ಇನ್ನೂ ನಾಲ್ಕು! ಕೂಗುತ್ತಾಳೆ ಇಶ್ಬೆಲ್.